ಅಂಗನವಾಡಿ ಹಿತ್ತಲಲ್ಲಿ ಮನೆಗೊಂದು ಪಾತಿ

ನನ್ನ ಮಗಳು ಹೋಗುವ ಅಂಗನವಾಡಿಯ ಹಿಂದೆ ನಾಲ್ಕು ಆಟೋ ನಿಲ್ಲಿಸುವಷ್ಟು ಜಾಗ ಸುಮ್ನೆ ಬಿದ್ದಿದೆ. ಕಲ್ಲು, ಪಾರ್ಥೇನಿಯಂ, ಯಾರೋ ಬಿಸಾಕಿದ ಪ್ಲಾಸ್ಟಿಕ್ ಕವರು. ಮೊನ್ನೆ ತಾಯಂದಿರ ಸಭೆಯಲ್ಲಿ "ಇಲ್ಲಿ ನಾವೆಲ್ಲ ಸೇರಿ ಸೊಪ್ಪು, ತರಕಾರಿ ಬೆಳೆಯೋಣ" ಅಂದೆ. ಒಬ್ಬ ಅಕ್ಕ ತಕ್ಷಣ ಕೇಳಿದರು: "ದಿನಾ ನೀರು ಹಾಕೋರ್ಯಾರಮ್ಮ?"

ಕೇಳಬೇಕಾದ್ದೇ ಅದು. ಹೋದ ಮಳೆಗಾಲದಲ್ಲಿ ಇದೇ ಜಾಗಕ್ಕೆ ಕೆಲವರು ಬಂದು ಗಿಡ ನೆಟ್ಟರು, ಫೋಟೋ ತೆಗೆಸಿಕೊಂಡು ಹೋದರು. ಬೇಸಿಗೆ ಬರುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಟೀಚರ್ ನೋಡಿಕೊಳ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಪಾಪ, ಅವರು ಏನೇನು ಅಂತ ನೋಡಿಕೊಳ್ಳಬೇಕು? ಮಕ್ಕಳ ತೂಕ, ಎತ್ತರ ಅಳೆಯಬೇಕು. ಅದನ್ನು ಮೊಬೈಲಿನಲ್ಲಿ ತುಂಬಬೇಕು. ಬಸುರಿ, ಬಾಣಂತಿಯರ ಊಟ, ಮನೆಮನೆ ಭೇಟಿ, ನಡುವೆ ಯಾವುದೋ ಸರ್ವೆ. ಅದರ ಮೇಲೆ ತೋಟವನ್ನೂ ಹೊರಿಸುವುದು ಅನ್ಯಾಯ.

ಅದಕ್ಕೇ ನಾನು ಹೇಳುವುದು, ತೋಟ ಮನೆಯವರದ್ದಾಗಬೇಕು. ಮನೆಗೊಂದು ಪಾತಿ. ಬೆಳೆದದ್ದರಲ್ಲಿ ಒಂದು ಹಿಡಿ ಅಂಗನವಾಡಿಯ ಸಾಂಬಾರಿಗೆ, ಮಿಕ್ಕಿದ್ದು ಆ ಮನೆಯ ಬಸ್ಸಾರಿಗೆ. ಕಟ್ಟು ಸೊಪ್ಪು ಮನೆಗೆ ಬರುತ್ತದೆ ಅಂದರೆ ಭಾನುವಾರವೂ ಯಾರಾದರೂ ಬಿಂದಿಗೆ ಹಿಡಿದು ಬರುತ್ತಾರೆ. ಅಕ್ಕಿ, ಬೇಳೆ ತೊಳೆದ ನೀರು ಈಗ ಮೋರಿಗೆ ಹೋಗುತ್ತಿದೆ. ಅದನ್ನು ಬಕೆಟಿನಲ್ಲಿ ಹಿಡಿದಿಟ್ಟರೆ ಎರಡು ಪಾತಿ ನೆನೆಯುತ್ತವೆ.

ಮೊದಲೇ ಮಾವು, ಹಲಸು ಅಂತ ಹೋಗುವುದು ಬೇಡ. ನಾಲ್ಕು ವರ್ಷದ ಮಗು ಅಷ್ಟು ದಿನ ಕಾಯುತ್ತದಾ? ಮೆಂತ್ಯ ಹಾಕೋಣ. ಅಡುಗೆಮನೆ ಡಬ್ಬಿಯಲ್ಲಿರುವ ಮೆಂತ್ಯವೇ ಸಾಕು, ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ದಂಟಿನ ಬೀಜ ತೀರಾ ಸಣ್ಣದು, ಮರಳು ಬೆರೆಸಿ ಚೆಲ್ಲಿದರೆ ಒಂದೇ ಕಡೆ ಬೀಳುವುದಿಲ್ಲ. ತಿಂಗಳಿಗೆಲ್ಲ ಕೀಳಬಹುದು. ತಾನೇ ಕಿತ್ತ ಸೊಪ್ಪನ್ನು ಮಗು ತಟ್ಟೆಯ ಅಂಚಿಗೆ ಸರಿಸುವುದು ಕಡಿಮೆ, ಇದನ್ನು ನನ್ನ ಮಗಳಲ್ಲೇ ನೋಡಿದ್ದೇನೆ. ಬೇಲಿಗೆ ಬಸಳೆ ಹಬ್ಬಿಸೋಣ. ಮೂಲೆಯಲ್ಲೊಂದು ನುಗ್ಗೆ ಕೊಂಬೆ ಊರಿದರೆ ಆಯಿತು, ಅದರ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಮತ್ತೆ ನನ್ನದೊಂದು ಆಸೆ, ಒಂದು ಸಾಲು ಈರನಗೆರೆ ಬದನೆ. ನಮ್ಮ ಮೈಸೂರಿನದ್ದೇ ಬದನೆ. ನಮ್ಮ ಬೀದಿಯ ಮಕ್ಕಳು ಅದನ್ನು ತಿಂದಿದ್ದಾರೆ, ಗಿಡದಲ್ಲಿ ನೋಡಿಲ್ಲ.

ನಮ್ಮತ್ತೆ ತಿ. ನರಸೀಪುರದ ಕಡೆಯವರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ತೆರೆದದ್ದು ಅಲ್ಲೇ, ನಮ್ಮ ಜಿಲ್ಲೆಯಲ್ಲೇ. 50 ವರ್ಷ ಆಯಿತು. ಅಕ್ಕಿ, ಬೇಳೆ, ಹಾಲಿನ ಪುಡಿ ಸರ್ಕಾರದಿಂದ ಬರುತ್ತಿದೆ. ಒಂದು ಹಿಡಿ ಹಸಿ ಸೊಪ್ಪನ್ನಾದರೂ ನಾವು ಸೇರಿಸಬಹುದು, ಅಲ್ವಾ?

ಏಳು ಮನೆಯವರು ಹೆಸರು ಕೊಟ್ಟಿದ್ದಾರೆ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಕಲ್ಲು ಆರಿಸಲು ಶುರು. ಗುದ್ದಲಿ ಇದ್ದವರು ತನ್ನಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಹಳೇ ಬಟ್ಟೆ ಹಾಕಿ.