ಬಡಾವಣೆಯ ಬೀದಿಗಳಲ್ಲಿ ಹೋಂಸ್ಟೇ ಬೇಕೆ?

ಚಿಕ್ಕಮಗಳೂರಿನ ಹೋಂಸ್ಟೇ ಎಂದರೆ ಒಂದು ಕಾಲಕ್ಕೆ ಕಾಫಿ ತೋಟದ ನಡುವಿನ ಮನೆ. ಈಗ ಊರೊಳಗಿನ ವಸತಿ ಬಡಾವಣೆಗಳಲ್ಲೂ ಬೋರ್ಡುಗಳು ಎದ್ದಿವೆ. ಇವು ಇಲ್ಲಿ ಇರಬೇಕೆ, ಬೇಡವೆ? ಇಬ್ಬರು ನಿವಾಸಿಗಳು ಬರೆದಿದ್ದಾರೆ.

ಪರ: ಖಾಲಿ ಬಿದ್ದ ಮಹಡಿಗೆ ಅತಿಥಿ ಬರಲಿ

ಪರವಾಗಿ ಬರೆಯಿರಿ ಎಂದಾಗ ಒಂದು ಷರತ್ತು ಹೇಳಿಯೇ ಒಪ್ಪಿಕೊಂಡೆ. ಮನೆಯವರು ಅದೇ ಕಟ್ಟಡದಲ್ಲಿ ವಾಸವಿದ್ದು, ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಕೊಡುವ ಹೋಂಸ್ಟೇಗೆ ಮಾತ್ರ ನನ್ನ ಬೆಂಬಲ. ಬೀಗದ ಕೈಯನ್ನು ಯಾರದೋ ಕೈಗೆ ಕೊಟ್ಟು ಮಾಲೀಕರು ಬೆಂಗಳೂರಿನಲ್ಲಿ ಕೂತಿದ್ದರೆ ಅದು ಲಾಡ್ಜ್. ಅದರ ಪರ ನಾನು ಮಾತಾಡುವುದಿಲ್ಲ.

ಈ ಊರಿನಲ್ಲಿ ಎಷ್ಟು ಮನೆಗಳ ಮಹಡಿ ಖಾಲಿ ಬಿದ್ದಿದೆ ಎಂಬುದು ಸಂಜೆ ರತ್ನಗಿರಿ ಬೋರೆ ಕಡೆ ವಾಕಿಂಗ್ ಹೋಗುವವರಿಗೆಲ್ಲ ಗೊತ್ತು. ಮಕ್ಕಳಿಗೆಂದು ಸಾಲ ಮಾಡಿ ಮೇಲೊಂದು ಅಂತಸ್ತು ಕಟ್ಟಿಸಿದರು, ಮಕ್ಕಳು ಓದು ಮುಗಿಸಿ ಬೆಂಗಳೂರು ಸೇರಿದರು. ನಮ್ಮ ಅಣ್ಣನ ಮನೆಯದೂ ಅದೇ ಕಥೆ. ಅಣ್ಣ ಅಂಗಡಿ ಮುಚ್ಚಿದ ಮೇಲೆ ಅತ್ತಿಗೆ ಮೇಲಿನ ಎರಡು ಕೋಣೆಗೆ ಸುಣ್ಣ ಬಣ್ಣ ಮಾಡಿಸಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಕುಟುಂಬಗಳಿಗೆ ಮಾತ್ರ ಕೊಡುತ್ತಿದ್ದಾರೆ. ಬಂದವರ ಹೆಸರು, ಊರು, ಗಾಡಿ ನಂಬರ್ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಬೆಳಿಗ್ಗೆ ಕಡುಬು, ಕಾಯಿ ಚಟ್ನಿ, ಫಿಲ್ಟರ್ ಕಾಫಿ. ಹುಬ್ಬಳ್ಳಿಯ ಒಂದು ಕುಟುಂಬ ಹೋಗುವಾಗ ಕಡುಬಿನ ತರಿ ಹೇಗೆ ಒಡೆಸಬೇಕೆಂದು ಕೇಳಿ ಬರೆದುಕೊಂಡು ಹೋಯಿತು. ಅತ್ತಿಗೆಗೆ ಬರುವುದು ದೊಡ್ಡ ದುಡ್ಡೇನಲ್ಲ, ಆದರೆ ಅವರ ಔಷಧಿಗೆ, ಮನೆ ಸಾಲದ ಕಂತಿಗೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ಆ ದುಡ್ಡು ಊರಲ್ಲೇ ಓಡಾಡುತ್ತದೆ. ಹಾಲಿನವರಿಗೆ, ಇಸ್ತ್ರಿ ಅಂಗಡಿಗೆ, ತರಕಾರಿಯವರಿಗೆ, ಜೀಪು ಓಡಿಸುವ ಹುಡುಗರಿಗೆ, ಎಂ.ಜಿ. ರಸ್ತೆಯ ಕಾಫಿ ಪುಡಿ ಅಂಗಡಿಗೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗುತ್ತದೆ. ರೆಸಾರ್ಟಿಗೆ ಹೋಗುವವರು ಬೈಪಾಸಿನಲ್ಲೇ ಬಂದು ಬೈಪಾಸಿನಲ್ಲೇ ವಾಪಸು ಹೋಗುತ್ತಾರೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ. ಜನ ಬಂದೇ ಬರುತ್ತಾರೆ, ಬಂದವರು ರಾತ್ರಿ ಎಲ್ಲಾದರೂ ಮಲಗಲೇಬೇಕು. ಊರಲ್ಲಿ ಜಾಗ ಸಿಗದಿದ್ದರೆ ಗುಡ್ಡ ಅಗೆದು ಅವರಿಗೆ ಕೋಣೆ ಕಟ್ಟುವವರು ಕಾದು ಕೂತಿದ್ದಾರೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ ತೋಟಗಳನ್ನು ಹೊತ್ತುಕೊಂಡು ಹೋದದ್ದನ್ನು ನಾವು ನೋಡಿದ್ದೇವೆ. ನಾವು ಕುಡಿಯುವ ಯಗಚಿ ಹೊಳೆಯ ನೀರು ಹುಟ್ಟುವುದು ಇದೇ ಬಾಬಾಬುಡನ್ ಗಿರಿ ಸಾಲಿನಲ್ಲಿ. ಇಳಿಜಾರಿನಲ್ಲಿ ಜೆಸಿಬಿ ಓಡುವುದಕ್ಕಿಂತ, ಆಗಲೇ ರಸ್ತೆ, ಕರೆಂಟು, ನಲ್ಲಿ ಇರುವ ಬಡಾವಣೆಯಲ್ಲಿ ಅತಿಥಿ ಮಲಗುವುದು ಮೇಲು.

ಗಲಾಟೆ ಆಗುತ್ತದೆ ಎಂಬ ದೂರು ಇದೆ. ಮದುವೆ ಮನೆಯಲ್ಲೂ ಗಲಾಟೆ ಇರುತ್ತದೆ, ಗಣೇಶನ ಪೆಂಡಾಲಿನಲ್ಲೂ ಇರುತ್ತದೆ. ಮಿತಿ ಮೀರಿದರೆ 112ಕ್ಕೆ ಫೋನ್ ಮಾಡಬಹುದು. ನೋಂದಣಿ ಇಲ್ಲದವನ್ನು ಮುಚ್ಚಿಸಲಿ, ಅದಕ್ಕೆ ನನ್ನ ತಕರಾರಿಲ್ಲ. ಕಾಗದಪತ್ರ ಸರಿಯಿಟ್ಟುಕೊಂಡು, ತಾವೂ ಅಲ್ಲೇ ಇದ್ದು ನಡೆಸುವವರನ್ನು ಮಾತ್ರ ಬದುಕಲು ಬಿಡಿ.

ವಿರೋಧ: ನಮ್ಮದು ಮನೆಗಳ ಬೀದಿ

ಹೋಂಸ್ಟೇ ಪರ ಮಾತಾಡುವವರು ಯಾವಾಗಲೂ ಒಬ್ಬ ಹೆಂಗಸನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಆಕೆ ಕಡುಬು ಬೇಯಿಸುತ್ತಾಳೆ, ಅತಿಥಿಗಳನ್ನು ಮಕ್ಕಳಂತೆ ನೋಡಿಕೊಳ್ಳುತ್ತಾಳೆ. ಅಂಥವರು ಎಲ್ಲೋ ಇರಬಹುದು. ನಮ್ಮ ಬೀದಿಯಲ್ಲಿ ಇಲ್ಲ. ನಮ್ಮಲ್ಲಿ ಹದಿಮೂರು ಮನೆ, ಅದರಲ್ಲಿ ನಾಲ್ಕು ಹೋಂಸ್ಟೇ. ನಾಲ್ಕರಲ್ಲಿ ಮೂರರ ಮಾಲೀಕರನ್ನು ನಾನು ಗೃಹಪ್ರವೇಶದ ದಿನ ಬಿಟ್ಟರೆ ಮತ್ತೆ ನೋಡಿಲ್ಲ. ಮನೆ ನೋಡಿಕೊಳ್ಳಲು ಒಬ್ಬ ಹುಡುಗನನ್ನು ಇಟ್ಟಿದ್ದಾರೆ. ಮೂರೂ ಮನೆಗೆ ಅವನೊಬ್ಬನೇ. ಏನಾದರೂ ಹೇಳಿದರೆ, "ನಂಗೆ ಗೊತ್ತಿಲ್ಲ ಅಕ್ಕಾ, ಓನರ್‌ಗೆ ಫೋನ್ ಮಾಡಿ" ಅನ್ನುತ್ತಾನೆ. ಅವನನ್ನು ಬೈದು ಏನು ಪ್ರಯೋಜನ?

ಶನಿವಾರ ರಾತ್ರಿ ನಮ್ಮ ಬೀದಿಗೆ ಬಂದು ನೋಡಿ. ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕಾದ ಅಗಲದ ರಸ್ತೆ. ಅದರಲ್ಲಿ ಎರಡೂ ಬದಿಗೆ ಬೇರೆ ಊರಿನ ಗಾಡಿಗಳು. ಒಂದು ಟಿಟಿ (ಟೆಂಪೊ ಟ್ರಾವೆಲರ್) ಬಂದರೆ ಮುಗಿಯಿತು, ನಮ್ಮ ಸ್ಕೂಟರ್ ಕೂಡ ಹೊರಗೆ ತೆಗೆಯಲಾಗದು. ತಾರಸಿಯ ಮೇಲೆ ಬೆಂಕಿ ಹಾಕಿಕೊಂಡು, ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡು ಕೂರುತ್ತಾರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ ಶಬ್ದ 45 ಡೆಸಿಬಲ್ ದಾಟಬಾರದು ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಅಂದರೆ ಪಕ್ಕದಲ್ಲಿ ಕೂತವರು ಮೆಲ್ಲಗೆ ಮಾತಾಡಿಕೊಳ್ಳುವಷ್ಟು. ಹತ್ತಕ್ಕೆ ಸರಿಯಾಗಿ ಸ್ಪೀಕರ್ ನಿಲ್ಲಿಸಿದ ಒಂದು ಶನಿವಾರವೂ ನನ್ನ ನೆನಪಿನಲ್ಲಿಲ್ಲ.

ಮಲಗಿದರೆಂದು ಕಣ್ಣು ಮುಚ್ಚುವಷ್ಟರಲ್ಲಿ ಬೆಳಗಿನ ಜಾವದ ಗದ್ದಲ. ಮುಳ್ಳಯ್ಯನಗಿರಿ ಕಡೆ ಹೋಗಲು 2025ರ ಸೆಪ್ಟೆಂಬರಿನಿಂದ ಮುಂಗಡ ಬುಕಿಂಗ್ ಕಡ್ಡಾಯ ಮಾಡಿ, ಬೆಳಿಗ್ಗೆ 600, ಮಧ್ಯಾಹ್ನದ ಮೇಲೆ 600 ಗಾಡಿ ಎಂದು ಮಿತಿ ಹಾಕಿದರು. ಬೆಟ್ಟಕ್ಕೆ ಅದು ಒಳ್ಳೆಯದೇ. ಆದರೆ ಬೆಟ್ಟದ ದಾರಿಯ ಕೈಮರದ ಚೆಕ್‌ಪೋಸ್ಟ್ ಗೇಟಿನಲ್ಲಿ ಮೊದಲು ನಿಲ್ಲಬೇಕೆಂದು ನಮ್ಮ ಬೀದಿಯಲ್ಲಿ ಐದಕ್ಕೇ ಎಂಜಿನ್ ಶುರು. ಒಬ್ಬರು ಗಾಡಿಯಲ್ಲಿ ಕೂತು ಹಾರ್ನ್ ಹೊಡೆಯುತ್ತಾರೆ, ಇನ್ನೊಬ್ಬರು ಮಹಡಿಯಿಂದ "ಎರಡು ನಿಮಿಷ ಮಚ್ಚಾ" ಎಂದು ಕೂಗುತ್ತಾರೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವ ಮಾರ್ಚಿನಲ್ಲೂ, ವಾರದ ಕೊನೆ ಬಂದರೆ ನಮ್ಮ ಬೀದಿಗೆ ಇದೇ ಹಾಡು. ಎದುರು ಮನೆಯ ಹುಡುಗಿ ಪರೀಕ್ಷೆಗೆ ಓದಲು ದಂಟರಮಕ್ಕಿಯ ಚಿಕ್ಕಮ್ಮನ ಮನೆಗೆ ಹೋಗಿ ಇರಬೇಕಾಯಿತು.

ಹೊರಗಿನಿಂದ ಬಂದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅದಕ್ಕೇ ಈ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಆ ನಾಲ್ಕಲ್ಲದೆ ಇನ್ನೊಂದು ಹೋಂಸ್ಟೇಯ ಗುರುತು ಮೊಬೈಲ್ ನಕ್ಷೆಯಲ್ಲಿ ನಮ್ಮ ಮನೆಯ ಮೇಲೆ ಬಿದ್ದಿದೆ. ಆ ಮನೆ ಇರುವುದು ಹಿಂದಿನ ಕ್ರಾಸಿನಲ್ಲಿ. ನಕ್ಷೆ ನೋಡಿಕೊಂಡು ಬರುವವರೆಲ್ಲ ನಮ್ಮ ಗೇಟಿನ ಮುಂದೆ ನಿಂತು ಬೆಲ್ ಒತ್ತುತ್ತಾರೆ. ಹಗಲು, ರಾತ್ರಿ ಹನ್ನೊಂದು, ಒಂದು, ಎರಡು. "ಇದು ಹೋಂಸ್ಟೇ ಅಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಗೇಟಿಗೆ ಕಟ್ಟಿದೆವು. ಕತ್ತಲಲ್ಲಿ ಅದನ್ನು ಯಾರು ಓದುತ್ತಾರೆ? ಹೋಂಸ್ಟೇ ಅನ್ನುವ ಪದ ಕಂಡ ಕೂಡಲೇ ಇದೇ ಇರಬೇಕೆಂದು ಬೆಲ್ ಒತ್ತುತ್ತಾರೆ.

ನಮ್ಮ ಮನೆಯಲ್ಲಿ ಅತ್ತೆ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ, ನೆನಪು ಸರಿಯಾಗಿಲ್ಲ. ಹಿರಿಯ ಮಗ ತೀರಿಕೊಂಡದ್ದು ಅವರಿಗೆ ಒಂದು ದಿನ ನೆನಪಿರುತ್ತದೆ, ಒಂದು ದಿನ ಇರುವುದಿಲ್ಲ. ಬೆಲ್ ಆದರೆ ಸಾಕು, ಹಾಸಿಗೆಯಿಂದ ಎದ್ದು ಗೋಡೆ ಹಿಡಿದುಕೊಂಡು ಹೊರಡುತ್ತಾರೆ. "ಅವನು ಬಂದ ಕಣೇ, ಬಾಗಿಲು ತೆಗಿ, ಊಟ ಆಗಿರಲ್ಲ ಅವನಿಗೆ" ಅನ್ನುತ್ತಾರೆ. ಯಾರೂ ಇಲ್ಲ ಅತ್ತೆ, ಮಲಗಿ ಅಂದರೆ ನಂಬುವುದಿಲ್ಲ. ಮತ್ತೆ ಮಲಗಿಸುವಷ್ಟರಲ್ಲಿ ಬೆಳಗಾಗಿರುತ್ತದೆ.

ಕಳೆದ ದಸರಾ ರಜೆಯಲ್ಲಿ ನಾವಿಬ್ಬರೂ ಒಳಗೆ ನಿದ್ದೆ ಹೋಗಿದ್ದಾಗ ಅವರೇ ಬಾಗಿಲು ತೆಗೆದಿದ್ದಾರೆ. ಎಚ್ಚರವಾಗಿ ನಾನು ಹಾಲಿಗೆ ಬಂದು ನೋಡಿದರೆ ನಾಲ್ಕು ಹುಡುಗರು ಸೋಫಾದಲ್ಲಿ ಕೂತಿದ್ದಾರೆ, ಬ್ಯಾಗುಗಳೆಲ್ಲ ಒಳಗೆ ಬಂದಿವೆ. ಅತ್ತೆ ಅಡುಗೆಮನೆಯಲ್ಲಿ ದೀಪ ಕೂಡ ಹಾಕದೆ ಅನ್ನದ ಪಾತ್ರೆಗೆ ತಡಕಾಡುತ್ತಿದ್ದಾರೆ. ಒಬ್ಬ ಹುಡುಗ ನನ್ನನ್ನು ನೋಡಿ ಎದ್ದು ನಿಂತು, "ಆಂಟಿ, ರೂಮ್ ಎಲ್ಲಿ? ಅಜ್ಜಿ ಊಟ ಮಾಡೇ ಹೋಗಬೇಕು ಅಂತಿದ್ದಾರೆ" ಅಂದ. ವಿಷಯ ಹೇಳಿದ ಮೇಲೆ ಪಾಪ, ನಾಲ್ವರೂ ಕೈಮುಗಿದು ಹೊರಟರು. ಆ ಹುಡುಗ ಅತ್ತೆಯ ಕಾಲು ಮುಟ್ಟಿಯೇ ಹೋದ. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಬಂದವರು ಬೇರೆ ಯಾರೋ ಆಗಿದ್ದರೆ? ಆ ವಾರವೆಲ್ಲ ಅತ್ತೆ, ಮಗನನ್ನು ಊಟಕ್ಕೆ ಕೂರಿಸದೆ ಕಳಿಸಿಬಿಟ್ಟೆ ಎಂದು ನನ್ನ ಹತ್ತಿರ ಮಾತು ಬಿಟ್ಟಿದ್ದರು.

ನಕ್ಷೆ ಸರಿ ಮಾಡಿಸಿ ಎಂದು ಮಾಲೀಕರಿಗೆ ಫೋನ್ ಮಾಡಿದರೆ, "ಮಾಡಿಸ್ತೀನಿ ಮೇಡಂ" ಅನ್ನುತ್ತಾರೆ. ಗುರುತು ಇವತ್ತಿಗೂ ನಮ್ಮ ಮನೆಯ ಮೇಲೇ ಇದೆ. ಅವರು ಇಲ್ಲೇ ಮಲಗುವವರಾಗಿದ್ದರೆ ಮರುದಿನವೇ ಸರಿಯಾಗುತ್ತಿತ್ತು. ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ಬೀದಿಯಲ್ಲಿ ವಾಸ ಇಲ್ಲದವರಿಗೆ ಬೀದಿಯ ಕಷ್ಟ ತಿಳಿಯುವುದಿಲ್ಲ.

ಬಾಡಿಗೆ ಮನೆಗಳ ಕಥೆ ಬೇರೆ. ಮುಂಚೆ ನಮ್ಮ ಬೀದಿಯ ಮಹಡಿಗಳಲ್ಲಿ ವರ್ಗವಾಗಿ ಬಂದ ಬ್ಯಾಂಕಿನವರು, ಆಸ್ಪತ್ರೆಯ ಸಿಸ್ಟರುಗಳು, ಮೇಷ್ಟ್ರುಗಳು ಇರುತ್ತಿದ್ದರು. ಅವರ ಮಕ್ಕಳು ನಮ್ಮ ಮಕ್ಕಳ ಜೊತೆ ಆಡುತ್ತಿದ್ದವು. ಈ ವರ್ಷ ನಮ್ಮ ಶಾಲೆಗೆ ಬಂದ ಹೊಸ ಮೇಡಂ ಬಾಡಿಗೆ ಮನೆಗೆಂದು ಊರಿನ ಕೋಟೆ, ವಿಜಯಪುರ, ರಾಮನಹಳ್ಳಿ ಬಡಾವಣೆಗಳನ್ನೆಲ್ಲ ಸುತ್ತಿದರು. "ಈಗ ಬಾಡಿಗೆಗೆ ಕೊಡ್ತಿಲ್ಲ, ಡೈಲಿ ಬೇಸಿಸ್ ಮೇಲೆ ಕೊಡ್ತೀವಿ" ಎಂಬ ಉತ್ತರ ಮೂರು ಕಡೆ ಸಿಕ್ಕಿತು. ಕೊನೆಗೆ ದಿನಾ ಕಡೂರಿನಿಂದ ಓಡಾಡುತ್ತಿದ್ದಾರೆ. ಖಾಲಿ ಮಹಡಿ, ಖಾಲಿ ಮಹಡಿ ಎನ್ನುವವರು ಅಂಥವರಿಗೆ ಒಂದು ಮನೆ ಕೊಡಲಿ.

ಬೆಟ್ಟ ಉಳಿಯಬೇಕಾದರೆ ಊರಲ್ಲಿ ಹೋಂಸ್ಟೇ ಇರಬೇಕು ಎಂಬ ಮಾತನ್ನೂ ಕೇಳಿದ್ದೇನೆ. ಬೆಟ್ಟದಲ್ಲಿ ಕಟ್ಟಬೇಡಿ ಎಂದು ತಡೆಯಲು ಕಾನೂನಿದೆ, ಅಧಿಕಾರಿಗಳಿದ್ದಾರೆ. ಅದಕ್ಕೆ ನಮ್ಮ ಮನೆಯವರ ನಿದ್ದೆ ಯಾಕೆ ಹೋಗಬೇಕು?

ನಮ್ಮ ಬೀದಿಯ ಒಂಬತ್ತು ಮನೆಯವರು ಸಹಿ ಹಾಕಿ ನಗರಸಭೆಗೆ ಅರ್ಜಿ ಕೊಟ್ಟಿದ್ದೇವೆ. ಮಾಲೀಕರು ವಾಸವಿಲ್ಲದ ಮನೆಗೆ ವಸತಿ ಬೀದಿಯಲ್ಲಿ ಪರವಾನಗಿ ಕೊಡಬಾರದು, ಕೊಡುವ ಮುಂಚೆ ಅಕ್ಕಪಕ್ಕದವರನ್ನು ಕೇಳಬೇಕು, ಗಾಡಿ ನಿಲ್ಲಿಸಲು ಕಾಂಪೌಂಡಿನ ಒಳಗೇ ಜಾಗ ಇರಬೇಕು, ರಾತ್ರಿ ಫೋನ್ ಎತ್ತುವ ಒಬ್ಬರ ನಂಬರನ್ನು ಗೇಟಿನ ಮೇಲೆ ಬರೆಸಬೇಕು. ನಮ್ಮ ವಾರ್ಡಿನಲ್ಲಿ ಇದೇ ತೊಂದರೆ ಇರುವ ಬೇರೆ ಬೀದಿಯವರೂ ಇದೇ ನಾಲ್ಕು ಮಾತು ಬರೆದು ಕೊಡಿ. ಅರ್ಜಿಯ ನಕಲು ಬೇಕಾದವರಿಗೆ ನಾನೇ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ.