ಮಾವನ ಕೋವಿಯ ಜಾತಕ

ನಮ್ಮ ಮಾವನವರ ಕೋವಿಯ ನಳಿಗೆಯ ಮೇಲೆ ‘ಮಾಡೆಲ್ 94’ ಎಂದಿದೆ. ಅಂದಮೇಲೆ ಅದು ಹುಟ್ಟಿದ್ದು 1894ರಲ್ಲಿ ಎಂಬುದು ಅವರ ಲೆಕ್ಕ. ಕೊಪ್ಪದ ತೋಟ ಬಿಟ್ಟು ನೌಕರಿಗೆಂದು ಪುಣೆಗೆ ಬಂದವರಿಗೆ ಅಪ್ಪನ ಆಸ್ತಿಯೆಂದು ಕೊನೆಗೆ ಸಿಕ್ಕಿದ್ದು ಅಮೆರಿಕದ ವಿಂಚೆಸ್ಟರ್ ಕಂಪನಿಯ ಈ ಕೋವಿ, ಜೊತೆಗೊಂದು ಫೋಟೊ. ಕೋಥ್ರೂಡಿನ ಮನೆಯ ಹಾಲಿನಲ್ಲಿ ಇವತ್ತಿಗೂ ಅದೇ ತೂಗುತ್ತದೆ: ಅಪ್ಪ, ಕಾಲ ಬುಡದಲ್ಲಿ ಹುಲಿ, ಕೈಯಲ್ಲಿ ಕೋವಿ, ಕೆಳಗೆ ಶಾಯಿಯಲ್ಲಿ 1938. ನಾನು ಹೆಣ್ಣು ನೋಡಲು ಹೋದ ದಿನ ಉಪ್ಪಿಟ್ಟಿಗಿಂತ ಮೊದಲು ಬಡಿಸಿದ್ದು ಈ ಹುಲಿಯನ್ನೇ.

ಈ ವರ್ಷ ಮಾರಿಬಿಡೋಣ ಎಂದರು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ರಸೀದಿ ಹಿಡಿದು ಬಿಡಿಸಿಕೊಂಡು ಬರಲು ಮೊಣಕಾಲು ಕೇಳುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದಕ್ಕೆ ಆಯುಧಪೂಜೆ ಬಿಟ್ಟರೆ ಬೇರೆ ಕೆಲಸವೂ ಇಲ್ಲ. “ನೂರಮೂವತ್ತು ವರ್ಷದ ಮಾಲು, ಸರಿಯಾಗಿ ಬೆಲೆ ಕಟ್ಟಿಸಿ ಮಾರಾಯ್ರೆ.”

ಓದಿ ನೋಡಿದೆ. ಜಾನ್ ಬ್ರೌನಿಂಗ್ ಎಂಬಾತ ರೂಪಿಸಿದ, ಕೆಳಗಿನ ಲಿವರ್ ಎಳೆದು ತೋಟಾ ಏರಿಸುವ ಈ ಮಾಡೆಲ್ 1894ರದ್ದೇ ನಿಜ. ಆದರೆ ಮಾವನವರದ್ದು ‘30-30’ ತೋಟಾ ಹಾಕುವಂಥದ್ದು, ಆ ತೋಟಾ ಬಂದಿದ್ದು 1895ರಲ್ಲಿ. ಹಾಗಾದರೆ ಒಂದು ವರ್ಷ ಕೋವಿ ಏನು ಮಾಡುತ್ತಿತ್ತು? “ಕಾಯ್ತಾ ಇತ್ತು. ಆಗಿನವಕ್ಕೆ ತಾಳ್ಮೆ ಇತ್ತು” ಎಂದರು ಮಾವ.

ನಿಜವಾದ ವಯಸ್ಸು ತಿಳಿಯುವುದು ಲಿವರಿನ ಮುಂದೆ, ಹೊಟ್ಟೆಯ ಕೆಳಗೆ ಒತ್ತಿದ ನಂಬರಿನಿಂದ. ಅಲ್ಲಿಯೋ ವರ್ಷವರ್ಷದ ಖಂಡೇನವಮಿಯ ಗಂಧ, ಕುಂಕುಮ, ಎಣ್ಣೆ ಸೇರಿ ಕಲ್ಲಾಗಿತ್ತು. ಮಾವ ಕೋವಿ ಖಾಲಿಯೆಂದು ಎರಡು ಸಲ ನೋಡಿ ಕೈಗಿತ್ತು ಎದುರಿಗೇ ಕೂತರು. ನಾನು ಹುಣಸೆಹುಳಿ ಮತ್ತು ಪಾತ್ರೆ ಉಜ್ಜುವ ಸ್ಟೀಲ್ ನಾರು ತಂದೆ. ಹತ್ತು ನಿಮಿಷಕ್ಕೆ ಕುಂಕುಮ ಹೋಯಿತು. ಹದಿನೈದನೆಯ ನಿಮಿಷಕ್ಕೆ ಅದರಡಿಯ ನೀಲಿಗಪ್ಪು ಬಣ್ಣವೂ ಹೋಗಿ, ಚಕ್ಕುಲಿಯಷ್ಟಗಲ ಜಾಗ ಅತ್ತೆಯ ಹೊಸ ಚೊಂಬಿನ ಹಾಗೆ ಫಳಫಳ ಹೊಳೆಯಿತು. ಗೆದ್ದವನಂತೆ ನಂಬರು ಓದಿ ಹೇಳಿದೆ.

“ನಂಬರಾ? ಲೈಸೆನ್ಸ್ ಪುಸ್ತಕದಲ್ಲೇ ಇದ್ಯಲ್ಲ” ಎಂದರು ಅತ್ತೆ, ಒಳಗಿಂದಲೇ.

ಏಳು ಅಂಕಿ, ಶುರುವಾಗುವುದು 18ರಿಂದ; ಅಂದರೆ ಹದಿನೆಂಟು ಲಕ್ಷ ದಾಟಿದ ಮೇಲಿನದು. ಈ ಮಾಡೆಲಿನ ಹತ್ತು ಲಕ್ಷದನೆಯ ಕೋವಿಯನ್ನು 1927ರಲ್ಲಿ ಅಮೆರಿಕದ ಅಧ್ಯಕ್ಷ ಕೂಲಿಜ್‌ಗೆ, ಹದಿನೈದು ಲಕ್ಷದನೆಯದನ್ನು 1948ರಲ್ಲಿ ಟ್ರೂಮನ್‌ಗೆ, ಇಪ್ಪತ್ತು ಲಕ್ಷದನೆಯದನ್ನು 1953ರಲ್ಲಿ ಐಸೆನ್‌ಹೋವರ್‌ಗೆ ಕಾಣಿಕೆ ಕೊಟ್ಟಿದ್ದರು. ನಮ್ಮದು ಟ್ರೂಮನ್ನರಿಗೂ ಐಸೆನ್‌ಹೋವರರಿಗೂ ನಡುವಿನ ಕೂಸು. ಮಾವ ಹುಟ್ಟಿದ್ದು 1941ರಲ್ಲಿ. ಕೋವಿ ಅವರಿಗಿಂತ ಚಿಕ್ಕದು! 1938ರಲ್ಲಿ ಹುಲಿ ಸತ್ತು ಬಿದ್ದಾಗ, ಅದನ್ನು ಕೊಂದ ಕೋವಿ ಎಲ್ಲೋ ಅದಿರಾಗಿ ಮಣ್ಣಿನೊಳಗೆ ಮಲಗಿತ್ತು.

ಇದನ್ನು ಮಾವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಹೇಳಿದವರು ಪುಣೆಯ ಕ್ಯಾಂಪ್ ಬಡಾವಣೆಯ ಕೋವಿ ಅಂಗಡಿಯವರು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ ತಲೆದೂಗಿದರು. 1964ರಿಂದ ಕಂಪನಿ ಖರ್ಚು ಉಳಿಸುವ ರೀತಿ ತಯಾರಿಸತೊಡಗಿತು, ಇದು ಅದಕ್ಕೆ ಮುಂಚಿನ ಐವತ್ತರ ಆಸುಪಾಸಿನದು, ಒಳ್ಳೆಯದು. 1980ರ ದಶಕದಲ್ಲಿ ಆಮದು ನಿಂತ ಮೇಲಂತೂ ಇಂಥದಕ್ಕೆ ಗಿರಾಕಿ ಇದ್ದಾರೆ. ಮಾರುವ ಮುಂಚೆ ಅಧಿಕಾರಿಗಳಿಗೆ ಬರೆದು ತಿಳಿಸಿ 45 ದಿನ ಕಾಯಬೇಕು ಎಂದೆಲ್ಲ ಹೇಳುತ್ತ ಕೋವಿಯನ್ನು ಮಗುಚಿದರು.

“ಕಾಕಾ, ಹೇ ಕಾಯ್ ಕೇಲಂ?” ಇದೇನು ಮಾಡಿದಿರಿ ಎಂದು ಮರಾಠಿಯಲ್ಲಿ ಕೇಳಿದರು.

ಹಳೇ ಕೋವಿಗೆ ಮೂಲ ಬಣ್ಣವೇ ಬೆಲೆಯಂತೆ. ಉಜ್ಜಿದರೂ ಕಳೆಯಿತು, ಹೊಸ ಬಣ್ಣ ಹಾಕಿಸಿದರೂ ಕಳೆಯಿತು. ಬಾಯಿಗೆ ಬಂದಿದ್ದ ಮೊತ್ತದಿಂದ ಕಾಲು ಭಾಗ ಇಳಿಸಿದರು. ಹದಿನೈದು ನಿಮಿಷದಲ್ಲಿ ಇಷ್ಟು ದುಡ್ಡು ನಾನು ಷೇರುಪೇಟೆಯಲ್ಲೂ ಕಳೆದವನಲ್ಲ.

ರಿಕ್ಷಾದಲ್ಲಿ ಮಾವ ತುಟಿ ಬಿಚ್ಚಲಿಲ್ಲ. ಮನೆಗೆ ಬಂದವರೇ ಫೋಟೊ ಇಳಿಸಿ, ಪಂಚಾಂಗ ಓದುವ ಭೂತಗನ್ನಡಿ ಹಿಡಿದರು. ಅಪ್ಪನ ಕೈಯಲ್ಲಿದ್ದುದು ಜೋಡುನಳಿಗೆ ಕೋವಿ. ಅಕ್ಕಪಕ್ಕ ಎರಡು ನಳಿಗೆ, ಲಿವರಿನ ಸುಳಿವೇ ಇಲ್ಲ.

“ಐವತ್ತು ವರ್ಷದಿಂದ ಒರೆಸ್ತಾ ಇದ್ದೀನಿ, ಕೋವಿ ಯಾರು ನೋಡ್ತಾರೆ, ಎಲ್ಲರೂ ನೋಡೋದು ಹುಲಿನೇ” ಎಂದರು ಅತ್ತೆ.

“ಅದೇ ಮತ್ತೆ! ಕೋವಿ ಯಾವ್ದಾದ್ರೇನು, ಹುಲಿ ಹುಲಿನೇ ಅಲ್ವಾ?” ಮಾವನಿಗೆ ಜೀವ ಬಂತು.

ಅತ್ತೆ ಭೂತಗನ್ನಡಿ ತೆಗೆದುಕೊಂಡು ನಿಧಾನವಾಗಿ ಹುಲಿಯ ಕಡೆ ಸರಿಸಿದರು. ಮಾವ ಫೋಟೊ ಕಿತ್ತುಕೊಂಡು ಮೊಳೆಗೆ ತೂಗುಹಾಕಿದರು.