ಬಾಗಿಲು ತೆರೆದ ಮೇಲೆ

'ರೂಮ್' (2015) ಸಿನಿಮಾ ನೋಡಿದ ಯಾರನ್ನೇ ಕೇಳಿ, ಮೊದಲು ಹೇಳುವುದು ಕಾರ್ಪೆಟ್‌ನಲ್ಲಿ ಸುತ್ತಿಟ್ಟ ಐದು ವರ್ಷದ ಜ್ಯಾಕ್ ಟ್ರಕ್‌ನಿಂದ ತಪ್ಪಿಸಿಕೊಳ್ಳುವ ದೃಶ್ಯ. ಉಸಿರು ಬಿಗಿಹಿಡಿದು ನೋಡುವಂಥದ್ದೇ, ಸುಳ್ಳಲ್ಲ. ಆದರೆ ಅದು ಮುಗಿದಾಗ ಸಿನಿಮಾ ಇನ್ನೂ ಅರ್ಧ ಬಾಕಿ ಇರುತ್ತದೆ. ಆ ಅರ್ಧ ಎಳೆದಂತಿದೆ ಅನ್ನುವವರ ಜೊತೆ ನನ್ನ ಜಗಳ. (ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕತೆಯೆಲ್ಲ ಬಿಚ್ಚಿಡುತ್ತೇನೆ.)

ಜ್ಯಾಕ್‌ನ ತಾಯಿ ಜಾಯ್‌ಳನ್ನು 17ನೇ ವಯಸ್ಸಿಗೆ ಅಪಹರಿಸಿದವನು 7 ವರ್ಷ ಒಂದು ಶೆಡ್‌ನಲ್ಲಿ ಕೂಡಿಹಾಕಿರುತ್ತಾನೆ. ಜ್ಯಾಕ್ ಅವನಿಗೇ ಹುಟ್ಟಿದ ಮಗು, ಹುಟ್ಟಿದ್ದೂ ಅಲ್ಲೇ. ಹೊರಗೆ ಬಂದ ಮೇಲೆ ಎಲ್ಲರಿಗೂ ಮಗುವಿನದೇ ಚಿಂತೆ. ಮಗು ಹೇಗೋ ದಾರಿ ಕಂಡುಕೊಳ್ಳುತ್ತದೆ, ಕುಸಿಯುವುದು ತಾಯಿ. ಅವಳು ಬಿಟ್ಟುಹೋದ ಮನೆ ಈಗಿಲ್ಲ. ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಅಮ್ಮನ ಜೊತೆ ಅವಳ ಹೊಸ ಸಂಗಾತಿ ಲಿಯೋ ಇದ್ದಾನೆ. ಶಾಲೆಯ ಗೆಳತಿಯರ ಹಳೇ ಫೋಟೋ ತೋರಿಸುತ್ತಾ ಜ್ಯಾಕ್‌ಗೆ ಹೇಳುತ್ತಾಳೆ, ಇವರಿಗೆಲ್ಲ ಏನಾಯ್ತು ಗೊತ್ತಾ, ಏನೂ ಆಗಲಿಲ್ಲ ಅಂತ. ಬ್ರೀ ಲಾರ್ಸನ್‌ಗೆ ಆಸ್ಕರ್ ಸಿಕ್ಕಿದ್ದು ಈ ಪಾತ್ರಕ್ಕೇ, ನನ್ನ ಕೇಳಿದರೆ ಇಂಥ ಕಡೆಗಳಿಗಾಗಿಯೇ.

ಬಿಡುಗಡೆಯಾಯ್ತಲ್ಲ, ಇನ್ನು ಖುಷಿಯಾಗಿರಬೇಕು ಎಂಬ ಒತ್ತಡ ಅವಳ ತಲೆಯೊಳಗೂ ಇದೆ, ಅದು ಆಗುತ್ತಿಲ್ಲ. ಸಿಟ್ಟೆಲ್ಲ ಹೋಗುವುದು ಅಮ್ಮನ ಮೇಲೆ. ಎಲ್ಲರ ಜೊತೆ ಒಳ್ಳೆಯವಳಾಗಿರು ಎಂಬ ನಿನ್ನ ದನಿ ತಲೆಯಲ್ಲಿ ಇಲ್ಲದಿದ್ದರೆ, ನಾಯಿಗೆ ಹುಷಾರಿಲ್ಲ ಅಂತ ನಂಬಿಸಿ ಅಪಹರಿಸಿದವನಿಗೆ ಸಹಾಯ ಮಾಡಲು ಹೋಗುತ್ತಿರಲಿಲ್ಲವೇನೋ ಅನ್ನುತ್ತಾಳೆ. ಅನ್ಯಾಯದ ಮಾತೇ. ಆದರೂ ಹೆಣ್ಣುಮಕ್ಕಳನ್ನು ಬೆಳೆಸುವ ಯಾರೂ ಇದನ್ನು ಕೇಳಿ ಸುಮ್ಮನೆ ಎದ್ದುಹೋಗಲಾರರು.

ಆಮೇಲೆ ಟಿವಿ ಸಂದರ್ಶನ. ದುಡ್ಡು ಬೇಕು, ಒಪ್ಪಿಕೊಳ್ಳುತ್ತಾಳೆ. ಸಂದರ್ಶಕಿ ಮೆಲ್ಲಗೆ, ಬಹಳ ಕಾಳಜಿಯಿಂದ ಕೇಳುತ್ತಾಳೆ: ಹುಟ್ಟಿದಾಗಲೇ ಮಗುವನ್ನು ಆಸ್ಪತ್ರೆ ಬಳಿ ಬಿಟ್ಟುಬಾ ಎಂದು ಅಪಹರಿಸಿದವನನ್ನು ಕೇಳಬಹುದಿತ್ತಲ್ಲ, ಮಗುವಾದರೂ ಹೊರಗೆ ಬೆಳೆಯುತ್ತಿತ್ತಲ್ಲ? ಶೆಡ್‌ನೊಳಗೆ ಅಷ್ಟು ವರ್ಷ ಅವಳನ್ನು ಬದುಕಿಸಿದ್ದು ಆ ಮಗು. ಅದನ್ನೇ ಅವಳ ಸ್ವಾರ್ಥ ಎಂಬಂತೆ ಎದುರಿಗಿಡುತ್ತದೆ ಆ ಪ್ರಶ್ನೆ. ಜಾಯ್ ಸಾಯಲು ಹೊರಡುವುದು ಇದಾದ ಮೇಲೆ, ಮನೆಯವರ ನಡುವೆ, ಬೀಗ ಇಲ್ಲದ ಜಾಗದಲ್ಲಿ.

ಆಗ ಜ್ಯಾಕ್ ಅಜ್ಜಿಯ ಕೈಯಲ್ಲಿ ತನ್ನ ಉದ್ದ ಕೂದಲು ಕತ್ತರಿಸಿಕೊಂಡು, ಬದುಕುಳಿದು ಆಸ್ಪತ್ರೆಯಲ್ಲಿರುವ ಅಮ್ಮನಿಗೆ ಕಳಿಸುತ್ತಾನೆ. ತನ್ನ ಶಕ್ತಿಯೆಲ್ಲ ಅದರಲ್ಲಿದೆ ಅಂತ ಅವನ ನಂಬಿಕೆ. ಬೇರೆ ನಿರ್ದೇಶಕರ ಕೈಗೆ ಸಿಕ್ಕಿದ್ದರೆ ಇದು ಕಣ್ಣೀರಿನ ಹೊಳೆಯಾಗುತ್ತಿತ್ತು. ಲೆನ್ನಿ ಅಬ್ರಹಾಂಸನ್ ಅತಿಗೆ ಹೋಗಲು ಬಿಟ್ಟಿಲ್ಲ.

ನನ್ನ ತಕರಾರು ಇರುವುದು ಒಂದೇ, ಅದು ತಾತ ರಾಬರ್ಟ್‌ನ ವಿಷಯ. ಮೊಮ್ಮಗನ ಮುಖ ನೋಡಲು ಅವನಿಂದ ಆಗುವುದಿಲ್ಲ. ಅವನಿಗೆ ಅಲ್ಲಿ ಕಾಣುವುದು ಮಗಳನ್ನು ಹೊತ್ತೊಯ್ದವನು. ಹೇಡಿ ಅಂತ ಬೈಯುವುದು ಸುಲಭ, ನಾನೂ ಬೈದೆ. ಆದರೆ ಆ ತಾತನೊಳಗೆ ಇನ್ನೊಂದು ಸಿನಿಮಾಕ್ಕಾಗುವಷ್ಟು ಕತೆ ಇದೆ. ವಿಲಿಯಂ ಮೇಸಿಯಂಥ ನಟನನ್ನು ಕರೆತಂದು, ಊಟದ ಮೇಜಿನ ಮುಂದೆ ತಲೆ ತಗ್ಗಿಸಿ ಕೂರಿಸಿ ಕಳಿಸಿಬಿಟ್ಟರಲ್ಲ, ಅದೊಂದು ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.